ಚಪ್ಪಲಿ ಹೊರಗೆ, ಧೂಳು ಒಳಗೆ

ಕಂಪ್ಯೂಟರ್ ರೂಮಿಗೆ ಚಪ್ಪಲಿ ಬಿಟ್ಟು ಹೋಗಬೇಕು ಅನ್ನೋ ಶಾಸ್ತ್ರವನ್ನು ಯಾವ ಪುಣ್ಯಾತ್ಮ ಶುರು ಮಾಡಿದನೋ ಗೊತ್ತಿಲ್ಲ. ನಾನು ಬಿ.ಇ. ಓದುವಾಗ ಲ್ಯಾಬಿನ ಬಾಗಿಲಲ್ಲಿ ಅರವತ್ತು ಜೊತೆ ಚಪ್ಪಲಿ ಬಿದ್ದಿರುತ್ತಿದ್ದವು. ಒಳಗೆ ಮಾನಿಟರಿಗೊಂದು ಹೊದಿಕೆ, ಕೀಬೋರ್ಡಿಗೊಂದು ಹೊದಿಕೆ, ಕೆಳಗಿನ ಡಬ್ಬಕ್ಕೆ ಜರಿ ಅಂಚಿನ ಇನ್ನೊಂದು ಹೊದಿಕೆ. ನಮ್ಮನೆ ದೇವರ ಗೂಡಿಗೂ ಅಷ್ಟು ಮಡಿ ಇರಲಿಲ್ಲ. ಆಯುಧಪೂಜೆ ದಿನ ಆ ಡಬ್ಬದ ಹಣೆಗೆ ಅರಿಶಿನ ಕುಂಕುಮ, ನೆತ್ತಿಗೆ ಚೆಂಡುಹೂವು. ಆದರೆ ನಾಲ್ಕು ವರ್ಷದಲ್ಲಿ ಒಂದೇ ಒಂದು ದಿನ ಅದರ ಪಕ್ಕದ ತಗಡು ಬಿಚ್ಚಿ ಒಳಗೆ ಏನು ತಿರುಗುತ್ತಿದೆ ಅಂತ ಯಾರೂ ತೋರಿಸಲಿಲ್ಲ. ನಾವೂ ಕೇಳಲಿಲ್ಲ. ಕೇಳದೇ ಪಾಸಾದೆವು, ಕೇಳದೇ ಕೆಲಸಕ್ಕೆ ಸೇರಿದೆವು, ಇವತ್ತಿಗೂ ಅದೇ ಡಬ್ಬದ ಮುಂದೆ ಕೂತು ಸಂಬಳ ಎಣಿಸುತ್ತಿದ್ದೇವೆ.

ಈ ಹಳೇ ಕತೆ ಈಗ ಯಾಕೆ ಅಂದ್ರೆ, ಈ ಯುಗಾದಿಗೆ ಊರಿಗೆ ಹೋದಾಗ ನನಗೆ ಸರಿಯಾಗಿ ನಾಚಿಕೆಯಾಯಿತು.

ನಮ್ಮೂರು ಚಳ್ಳಕೆರೆ ಸೀಮೆಯಲ್ಲಿದೆ. ಶೇಂಗಾ ಬೆಳೆಯುವ, ಮಳೆಗಿಂತ ಗಾಳಿ ಜಾಸ್ತಿ ಇರುವ ಬಯಲು. ಎರಡು ವರ್ಷದ ಹಿಂದೆ ನಾನು ಕೆಲಸ ಮಾಡುವ ಕಂಪನಿ ಹಳೇ ಡೆಸ್ಕ್‌ಟಾಪುಗಳನ್ನು ಬದಲಾಯಿಸಿತು. ಅದರಲ್ಲಿ ಹತ್ತನ್ನು ನಮ್ಮೂರಿನ ಹೈಸ್ಕೂಲಿಗೆ ಕೊಡಿಸಿದವನು ನಾನೇ. ಬ್ಯಾನರ್ ಕಟ್ಟಿದರು, ನನಗೊಂದು ಮೈಸೂರು ಪೇಟ ತೊಡಿಸಿದರು, ಫೋಟೋ ಕಂಪನಿಯ ಮೇಲ್‌ನಲ್ಲಿ ಎಲ್ಲರಿಗೂ ಹೋಯಿತು. ಆಮೇಲೆ ನಾನು ಮರೆತೆ. ಕಂಪನಿಯಂತೂ ಫೋಟೋ ಕಳಿಸಿದ ದಿನವೇ ಮರೆತಿತ್ತು.

ಈ ಸಲ ಹಬ್ಬಕ್ಕೆ ಎರಡು ದಿನ ಮುಂಚೆ ಹೋಗಿದ್ದೆ. ಶನಿವಾರ ಬೆಳಗ್ಗೆ ಶಾಲೆಯ ಕಡೆ ಹೋದರೆ ನನಗೆ ಗಣಿತ ಕಲಿಸಿದ ಮೇಷ್ಟ್ರು, ಈಗ ಹೆಡ್‌ಮಾಸ್ತರು, ಕಂಪ್ಯೂಟರ್ ರೂಮಿಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಒಳಗೆ ಹತ್ತರಲ್ಲಿ ಮೂರು ಓಡುತ್ತಿದ್ದವು. ಏಳು ಮೂಲೆಯಲ್ಲಿ, ಹೊದಿಕೆ ಸಮೇತ. "ಎಲ್ಲಾ ಹಳೇವಲ್ಲಪ್ಪ, ಹೋದ್ವು. ನೋಡೋಕೆ ಬಂದ ಟೆಕ್ನಿಷಿಯನ್ ಬೋರ್ಡೇ ಹೋಗೈತೆ, ಸ್ಕ್ರ್ಯಾಪಿಗೆ ಹಾಕ್ರಿ ಅಂದ. ಹೊಸವು ಕೊಡಿಸೋಕೆ ಆಗುತ್ತಾ ನೋಡು," ಅಂದರು.

ಓಡುತ್ತಿದ್ದ ಮೂರರ ಮುಂದೆ ಒಂಬತ್ತನೇ ಕ್ಲಾಸಿನ ಮಕ್ಕಳು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರಿಗೆ ಹತ್ತು ನಿಮಿಷದ ಪಾಳಿ. ಮಕ್ಕಳು ಜಾಸ್ತಿ, ಮಿಷನ್ ಕಡಿಮೆ, ಅದಕ್ಕೇ ಇರಬೇಕು ಅಂದುಕೊಂಡೆ. ಒಂದು ಹುಡುಗಿ ಹೇಳಿದಳು: "ಹತ್ತು ನಿಮಿಷಕ್ಕೆ ಅದೇ ಆಫ್ ಆಗುತ್ತೆ ಸಾರ್. ತಣ್ಣಗಾಗೋವರೆಗೆ ಪಕ್ಕದ್ದು ಹಾಕ್ತೀವಿ."

ಕಂಪ್ಯೂಟರ್ ಹೇಗೆ ಆನ್ ಮಾಡೋದು ಅಂತ ಕೇಳಿದೆ. ಪಾಠ ಒಪ್ಪಿಸಿದ ಹಾಗೆ ಹೇಳಿದಳು: "ಸ್ವಿಚ್ ಹಾಕಬೇಕು, ಬಟನ್ ಒತ್ತಬೇಕು, ಇಂಗ್ಲಿಷಲ್ಲಿ ಬರುತ್ತೆ ಸಾರ್, ಆಗ ಎಫ್ ಒನ್ ಒತ್ತಬೇಕು."

ನಾನೇ ಆನ್ ಮಾಡಿ ನೋಡಿದೆ. ಕಪ್ಪು ಪರದೆಯ ಮೇಲೆ ಬಂದ ಇಂಗ್ಲಿಷ್ ಏನು ಗೊತ್ತಾ? ಸಿಪಿಯು ಫ್ಯಾನ್ ಎರರ್, ಮುಂದುವರಿಯಲು ಎಫ್ ಒನ್ ಒತ್ತಿ. ಆ ಮಿಷನ್ನು ದಿನಾ ಬೆಳಗ್ಗೆ ನನ್ನ ಫ್ಯಾನು ತಿರುಗುತ್ತಿಲ್ಲ, ನಾನು ಸಾಯುತ್ತಿದ್ದೇನೆ ಅಂತ ಬರೆದು ತೋರಿಸುತ್ತಿತ್ತು. ನಾವು ಹಳ್ಳಿ ಮಕ್ಕಳಿಗೆ ಕಂಪ್ಯೂಟರಿನ ಮೊದಲ ಪಾಠವಾಗಿ ಕಲಿಸಿದ್ದು, ಆ ಮಾತನ್ನು ಕೇಳಿಸಿಕೊಳ್ಳದೆ ಮುಂದೆ ಹೋಗುವುದು ಹೇಗೆ ಅನ್ನೋದನ್ನ.

ನನ್ನ ವಾದ ಇಷ್ಟೇ. ನಮ್ಮಲ್ಲಿ ಸ್ಕ್ರ್ಯಾಪಿಗೆ ಹೋಗುವ ಡೆಸ್ಕ್‌ಟಾಪುಗಳಲ್ಲಿ ಬಹಳಷ್ಟು ವಯಸ್ಸಾಗಿ ಸತ್ತವಲ್ಲ, ಉಸಿರುಕಟ್ಟಿ ಸತ್ತವು. ಉಸಿರು ಕಟ್ಟಿಸಿದವರು ನಾವು. ಅದನ್ನು ಮುಚ್ಚಿಕೊಳ್ಳೋಕೆ "ಹಳೇದು" ಅನ್ನೋ ಒಂದು ಪದ ಇಟ್ಟುಕೊಂಡಿದ್ದೇವೆ.

ಉಸಿರು ಅಂದೆನಲ್ಲ, ಅದು ಹೇಗೆ ಆಡುತ್ತೆ ಅಂತ ಹೇಳ್ತೀನಿ. ನಮ್ಮಲ್ಲಿ ಇಡೀ ಡಬ್ಬಕ್ಕೇ ಸಿಪಿಯು ಅನ್ನೋ ರೂಢಿ ಇದೆ. ನಿಜವಾದ ಸಿಪಿಯು ಅದರೊಳಗೆ ಹೆಬ್ಬೆರಳ ಉಗುರಿನಷ್ಟಿರುವ ಸಿಲಿಕಾನ್ ಬಿಲ್ಲೆ. 1993ರಲ್ಲಿ ಬಂದ ಮೊದಲ ಪೆಂಟಿಯಂ 15-16 ವ್ಯಾಟ್ ಬಿಸಿ ಬಿಡುತ್ತಿತ್ತು. ಹನ್ನೊಂದು ವರ್ಷ ಆಗುವಷ್ಟರಲ್ಲಿ 3 ಗಿಗಾಹರ್ಟ್ಸ್‌ನ ಪೆಂಟಿಯಂ 4 ಬಿಡುತ್ತಿದ್ದುದು 84 ವ್ಯಾಟ್. ಅದರ ದೊಡ್ಡಣ್ಣಂದಿರು 115 ವ್ಯಾಟ್. ರೇಡಿಯೋ ರಿಪೇರಿಯವನ ಸಾಲ್ಡರಿಂಗ್ ಐರನ್ 25 ವ್ಯಾಟಿನದು, ಮುಟ್ಟಿದರೆ ಬೊಬ್ಬೆ. ಅಂಥ ಮೂರಕ್ಕಿಂತ ಹೆಚ್ಚು ಶಾಖವನ್ನು ಒಂದು ಉಗುರಿನ ಜಾಗದಿಂದ, ಇಡೀ ದಿನ, ನಿಲ್ಲಿಸದೆ ಹೊತ್ತುಕೊಂಡು ಹೋಗಬೇಕು. ನಮ್ಮ ಶಾಲೆಗೆ ಕೊಟ್ಟಿದ್ದವು ಈ 84 ವ್ಯಾಟಿನವೇ.

ಹೊರುವ ಕೆಲಸ ಫ್ಯಾನೊಂದರದ್ದೇ ಅಲ್ಲ. ಕಣದಿಂದ ಮನೆಗೆ ಚೀಲ ಸಾಗಿಸುವಾಗ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ಬಿಲ್ಲೆಯ ಮೇಲೊಂದು ಲೋಹದ ಮುಚ್ಚಳ. ಅದರ ಮೇಲೆ ಬಿಳಿಯ ಅಥವಾ ಬೂದು ಬಣ್ಣದ ಥರ್ಮಲ್ ಪೇಸ್ಟು. ಅದರ ಮೇಲೆ ಹೀಟ್‌ಸಿಂಕ್, ಅಂದರೆ ತೆಳು ತೆಳು ಹಾಳೆಗಳಾಗಿ ಬಿಡಿಸಿಕೊಂಡ ಅಲ್ಯೂಮಿನಿಯಂ ಗಟ್ಟಿ. ಕೆಲವಕ್ಕೆ ನಡುವೆ ತಾಮ್ರ. ಅದರ ನೆತ್ತಿಯಲ್ಲಿ ಫ್ಯಾನು. ಆಚೆಗೆ ಡಬ್ಬದ ಹಿಂದೆ ಇನ್ನೊಂದು ಫ್ಯಾನು, ಎಸ್‌ಎಂಪಿಎಸ್ ಒಳಗೆ ಮತ್ತೊಂದು. ಇವರಲ್ಲಿ ಒಬ್ಬ ಕೈಬಿಟ್ಟರೂ ಚೀಲ ಬೀಳುತ್ತೆ.

ಆ ಪೇಸ್ಟು ಯಾಕೆ ಬೇಕು? ಎರಡು ಲೋಹಗಳು ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ನಡುವೆ ಸಣ್ಣ ಸಣ್ಣ ಹಳ್ಳಗಳಿರುತ್ತವೆ, ಹಳ್ಳದಲ್ಲಿ ಗಾಳಿ ಕೂತಿರುತ್ತೆ. ಶಾಖ ದಾಟಿಸುವುದರಲ್ಲಿ ಗಾಳಿ ಅಲ್ಯೂಮಿನಿಯಂಗಿಂತ ಸಾವಿರಾರು ಪಟ್ಟು ಸೋಮಾರಿ. ಆ ಹಳ್ಳ ತುಂಬಿಸೋಕೆ ಪೇಸ್ಟು. ಏಳೆಂಟು ವರ್ಷಕ್ಕೆ ಅದು ಒಣಗಿ ಗೋಡೆಯ ಸುಣ್ಣದ ಹಾಗೆ ಉದುರುತ್ತೆ. ಜಾಸ್ತಿ ಬಳಿದರೂ ತೊಂದರೆಯೇ, ಆಗ ಪೇಸ್ಟೇ ದಪ್ಪ ಗೋಡೆಯಾಗುತ್ತೆ. ಅಕ್ಕಿ ಕಾಳಿನಷ್ಟು ಸಾಕು.

ಇನ್ನು ಫ್ಯಾನು. ಇದು ಮನೆಯ ಸೀಲಿಂಗ್ ಫ್ಯಾನಿನ ಜಾತಿಯಲ್ಲ. 12 ವೋಲ್ಟ್ ಡಿಸಿ ಮೇಲೆ ಓಡುತ್ತೆ, ಒಳಗೆ ಸವೆಯುವ ಬ್ರಷ್ ಇಲ್ಲ. ತಾಮ್ರದ ಸುರುಳಿಗಳು ನಡುವೆ ಅಲ್ಲಾಡದೆ ಕೂತಿರುತ್ತವೆ. ರೆಕ್ಕೆಗಳನ್ನು ಹೊತ್ತ ಬುರುಡೆಯ ಒಳಗೋಡೆಗೆ ಬಳೆಯಂಥ ಆಯಸ್ಕಾಂತ ಅಂಟಿರುತ್ತೆ. ಆಯಸ್ಕಾಂತದ ಯಾವ ತುದಿ ಎದುರಿಗೆ ಬಂತು ಅಂತ ಹಾಲ್ ಸೆನ್ಸರ್ ಎಂಬ ಪುಟ್ಟ ಬಿಡಿಭಾಗ ನೋಡಿಕೊಂಡು ಹೇಳುತ್ತೆ, ಅದಕ್ಕೆ ತಕ್ಕಂತೆ ಸುರುಳಿಯ ಕರೆಂಟು ಬದಲಾಗುತ್ತೆ, ಬುರುಡೆ ಸುತ್ತುತ್ತಲೇ ಇರುತ್ತೆ. ಎರಡು ತಂತಿ ಕರೆಂಟಿಗೆ. ಮೂರನೆಯದು ವರದಿಗಾರ, ಒಂದು ಸುತ್ತಿಗೆ ಎರಡು ಸಲ ಮಿಡಿದು ಎಷ್ಟು ವೇಗ ಅಂತ ಮದರ್‌ಬೋರ್ಡಿಗೆ ತಿಳಿಸುತ್ತೆ. ಎಫ್ ಒನ್ ಒತ್ತಿ ಅನ್ನೋ ಸಂದೇಶ ಹುಟ್ಟುವುದು ಈ ತಂತಿ ಸುಮ್ಮನಾದಾಗ. ನಾಲ್ಕನೆಯ ತಂತಿ ಇದ್ದರೆ ಅದು ಬೋರ್ಡಿನ ಅಪ್ಪಣೆ: ಬಿಸಿ ಕಡಿಮೆ ಇದೆ ನಿಧಾನ ತಿರುಗು, ಜಾಸ್ತಿ ಆಯ್ತು ಜೋರು ತಿರುಗು.

ಇಷ್ಟೆಲ್ಲ ಮಾಡಿಯೂ ಫ್ಯಾನು ಏನನ್ನೂ ತಂಪು ಮಾಡುವುದಿಲ್ಲ, ಗಾಳಿ ಬದಲಾಯಿಸುತ್ತೆ ಅಷ್ಟೇ. ರೂಮಿನ ಗಾಳಿಗಿಂತ ತಣ್ಣಗೆ ಅದು ಯಾವತ್ತೂ ಮಾಡಲಾರದು. ಹಾಗಾಗಿ ಗಾಳಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅನ್ನೋದೇ ಮುಖ್ಯ. ಮುಂದೆ ಕೆಳಗಿನಿಂದ ತಣ್ಣನೆಯದು ಒಳಗೆ, ಹಿಂದೆ ಮೇಲಿನಿಂದ ಬಿಸಿಯದು ಹೊರಗೆ. ರಾಶಿ ತೂರುವವರು ಗಾಳಿ ಯಾವ ಕಡೆಯಿಂದ ಅಂತ ನೋಡಿಕೊಂಡೇ ನಿಲ್ಲುತ್ತಾರೆ. ಉಲ್ಟಾ ನಿಂತರೆ ಹೊಟ್ಟೆಲ್ಲ ಮುಖಕ್ಕೆ. ಡಬ್ಬದೊಳಗೂ ಅದೇ ನಿಯಮ. ನಮ್ಮ ಶಾಲೆಯ ಒಂದು ಮಿಷನ್ನಲ್ಲಿ ಹಿಂದಿನ ಫ್ಯಾನನ್ನು ಯಾರೋ ಉಲ್ಟಾ ಕೂರಿಸಿದ್ದರು. ಎಸ್‌ಎಂಪಿಎಸ್ ಹೊರಗೆ ಹಾಕಿದ ಬಿಸಿಗಾಳಿಯನ್ನು ಇದು ವಾಪಸ್ ಒಳಗೆ ಎಳೆದುಕೊಳ್ಳುತ್ತಿತ್ತು. ಗುರುತು ಹಿಡಿಯೋದು ಸುಲಭ: ರೆಕ್ಕೆಯ ಬುರುಡೆಯನ್ನು ಹಿಡಿದುಕೊಂಡ ಅಡ್ಡಕಡ್ಡಿಗಳಿರುವ ಕಡೆಯಿಂದ ಗಾಳಿ ಹೊರಬರುತ್ತೆ.

ಈಗ ಒಂದು ಲೆಕ್ಕ. ಆ ಕಾಲದ ಇಂಟೆಲ್ ಮಾರ್ಗಸೂಚಿಯಲ್ಲಿ ಸಿಪಿಯು ಫ್ಯಾನಿಗೆ ಮುಟ್ಟುವ ಗಾಳಿ 38 ಡಿಗ್ರಿಯೊಳಗೆ ಇರಬೇಕು ಅಂತಿತ್ತು. ಅದಕ್ಕೇ ಆಗಿನ ಡಬ್ಬಗಳ ಪಕ್ಕದ ತಗಡಿಗೆ ಪ್ಲಾಸ್ಟಿಕ್ ಕೊಳವೆಯೊಂದು ಬಂತು, ಹೊರಗಿನ ಗಾಳಿ ನೇರ ಸಿಪಿಯು ಮೇಲೆ ಬೀಳಲಿ ಅಂತ. ಹೀಟ್‌ಸಿಂಕ್ ಚೆನ್ನಾಗಿದ್ದಾಗ ಒಂದು ವ್ಯಾಟಿಗೆ 0.35 ಡಿಗ್ರಿ ಏರುತ್ತೆ ಅಂತ ಹಿಡಿಯೋಣ. 84 ವ್ಯಾಟಿಗೆ ಸುಮಾರು 29. 38ಕ್ಕೆ ಸೇರಿಸಿದರೆ 67. ಬದುಕುತ್ತೆ. ಹಾಳೆಗಳ ನಡುವೆ ಧೂಳು ಕಟ್ಟಿ ಆ 0.35 ಅನ್ನೋದು 0.7 ಆಯಿತು ಅಂತಿಟ್ಟುಕೊಳ್ಳಿ. 59 ಆಯಿತು, ಒಟ್ಟು 97. ಚಿಪ್ಪು ಅದೇ, ಕೆಲಸ ಅದೇ, ವಯಸ್ಸೂ ಅಷ್ಟೇ. ನಡುವೆ ಬಂದದ್ದು ಧೂಳು. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಶೀಟಿನ ಮಾಡಿನ ಕೆಳಗೆ ರೂಮೇ 38 ಇರುತ್ತೆ. ಅಂದರೆ ನಮ್ಮಲ್ಲಿ ಇಂಥ ಮಿಷನ್ನಿಗೆ ಉಳಿತಾಯದ ಅಂತರವೇ ಇಲ್ಲ. ಎಲ್ಲಿ ಅತಿ ಹೆಚ್ಚು ಶುಚಿ ಬೇಕೋ ಅಲ್ಲೇ ಅತಿ ಹೆಚ್ಚು ಧೂಳು, ಅಲ್ಲೇ ಯಾರೂ ಡಬ್ಬ ಬಿಚ್ಚೋದಿಲ್ಲ.

ಈಗ ನಮ್ಮ ಜಾತಿಯವರ, ಅಂದರೆ ಸಾಫ್ಟ್‌ವೇರ್ ಜನರ, ವಿಷಯಕ್ಕೆ ಬರ್ತೀನಿ. ಮಿಷನ್ ನಿಧಾನ ಅಂದ ಕೂಡಲೇ ನಾವೇನು ಮಾಡ್ತೀವಿ? ವೈರಸ್ ಅಂತೀವಿ. ಆ್ಯಂಟಿವೈರಸ್ ಹಾಕ್ತೀವಿ, ಅದರಿಂದ ಸಿಪಿಯು ಇನ್ನಷ್ಟು ದುಡಿಯುತ್ತೆ, ಇನ್ನಷ್ಟು ಕಾಯುತ್ತೆ. ಆಮೇಲೆ ಫಾರ್ಮ್ಯಾಟ್ ಮಾಡ್ತೀವಿ. ಮಿಷನ್ ಆರಿದ್ದಾಗ ಒಂದಷ್ಟು ಹೊತ್ತು ಚೆನ್ನಾಗಿ ಓಡುತ್ತೆ, ನೋಡಿ ಸರಿಯಾಯ್ತು ಅಂತ ಮೀಸೆ ತಿರುವ್ತೀವಿ. ಪೆಂಟಿಯಂ 4 ತನ್ನ ಬಿಸಿಯನ್ನು ತಾನೇ ಅಳೆದುಕೊಳ್ಳುತ್ತೆ. ಮಿತಿ ಮುಟ್ಟಿದರೆ ಗಡಿಯಾರದ ಬಡಿತವನ್ನು ಬಿಟ್ಟು ಬಿಟ್ಟು ಬಡಿಯುತ್ತೆ, ಜೀವ ಉಳಿಸಿಕೊಳ್ಳೋಕೆ ಬೇಕಂತಲೇ ನಿಧಾನವಾಗುತ್ತೆ. ಅದರಲ್ಲೂ ಆಗದಿದ್ದರೆ ಪೂರ್ತಿ ಆಫ್. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಓಡುತ್ತಿರುವ ಚಿಪ್ಪುಗಳ ಹೀಟ್‌ಸಿಂಕನ್ನೇ ಕಿತ್ತು ವಿಡಿಯೋ ಮಾಡಿದ್ದರು. ಎಎಂಡಿಯ ಅಥ್ಲಾನ್ ಸುಟ್ಟುಹೋಯಿತು. ಪೆಂಟಿಯಂ 4 ನಿಧಾನವಾಯಿತು, ಸಾಯಲಿಲ್ಲ. ಆ ನಿಧಾನ ಒಂದು ರಕ್ಷಣೆ. ಅದನ್ನು ನಾವು ರೋಗ ಅಂತ ತಿಳಿದು ವಿಂಡೋಸಿಗೆ ಔಷಧಿ ಕೊಡ್ತಾ ಇದ್ದೀವಿ. ಸುತ್ತಿಗೆ ಹಿಡಿದವನಿಗೆ ಎಲ್ಲ ಮೊಳೆಯಾಗಿ ಕಾಣುತ್ತಂತೆ. ಕೋಡ್ ಬರೆಯುವವನಿಗೆ ಧೂಳೂ ಬಗ್ ಆಗಿ ಕಾಣುತ್ತೆ.

ಎರಡನೆಯವರು ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಇಡುವವರು. ಸಿಪಿಯು ಒಂದಿಷ್ಟು ತಣ್ಣಗಾಗಬಹುದು, ಇಲ್ಲ ಅನ್ನಲ್ಲ. ಆದರೆ ಮುಂದಿನಿಂದ ಹಿಂದಕ್ಕೆ ಹರಿಯುತ್ತಿದ್ದ ದಾರಿ ತಪ್ಪಿತು, ಹಾರ್ಡ್ ಡಿಸ್ಕಿನ ಮೇಲೆ ಹಾಯುತ್ತಿದ್ದ ಗಾಳಿ ನಿಂತಿತು, ಧೂಳಿಗೆ ಹೆಬ್ಬಾಗಿಲು ತೆರೆಯಿತು. ಮೂರನೆಯವರು ಎಸಿ ಹಾಕಿಸುವವರು. ಇಡೀ ರೂಮನ್ನು ತಂಪು ಮಾಡ್ತಾರೆ, ಅಂಗೈಯಗಲದ ಹೀಟ್‌ಸಿಂಕಿನ ಮೇಲಿನ ಕಂಬಳಿ ಮಾತ್ರ ತೆಗೆಯೋದಿಲ್ಲ. ನಾಲ್ಕನೆಯವರು ಟೇಬಲ್ಲಿನ ಕೆಳಗಿನ ಮರದ ಗೂಡಿನಲ್ಲಿ ಡಬ್ಬ ತುರುಕಿ ಬಾಗಿಲು ಹಾಕುವವರು. ಒಟ್ಟು 200 ವ್ಯಾಟ್ ಬಿಸಿ ಬಿಡುವ ಡಬ್ಬದಲ್ಲಿ ಗಾಳಿ ಹತ್ತೇ ಡಿಗ್ರಿ ಏರಬೇಕು ಅಂದರೂ ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿ ಹಾದುಹೋಗಬೇಕು. ಮುಚ್ಚಿದ ಮರದ ಗೂಡಿಗೆ ಅದು ಎಲ್ಲಿಂದ ಬರಬೇಕು?

ಅವತ್ತು ಮಧ್ಯಾಹ್ನ ಏಳರಲ್ಲಿ ಒಂದನ್ನು ಬಿಚ್ಚಿದೆ. ಹೀಟ್‌ಸಿಂಕಿನ ಹಾಳೆಗಳೇ ಕಾಣಲಿಲ್ಲ. ಫ್ಯಾನು ಎತ್ತಿದರೆ ಕೆಳಗೆ ಬೂದು ಬಣ್ಣದ, ಚಾಪೆಯ ಹಾಗೆ ಒಟ್ಟಿಗೇ ಎದ್ದು ಬರುವ ಧೂಳಿನ ಪದರ. ಕೆಮ್ಮಣ್ಣು, ಸೀಮೆಸುಣ್ಣದ ಪುಡಿ, ಕೂದಲು, ಒಂದು ಸತ್ತ ಹಲ್ಲಿ ಮರಿ. ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿ ಕಾಣುತ್ತಿತ್ತು. ನಗು ಬಂತು, ಆಮೇಲೆ ಬರಲಿಲ್ಲ.

ಊದೋಕೆ ಏನು ಮಾಡೋದು ಅಂತ ಯೋಚಿಸುವಾಗ ನೆನಪಾದದ್ದು ಹಿಟ್ಟಿನ ಗಿರಣಿ ಮಾವ. ಭಾನುವಾರ ಅಮಾವಾಸ್ಯೆ. ಅಮಾವಾಸ್ಯೆಗೆ ಅವರ ಗಿರಣಿ ಬಂದ್. ನಾನು ಹುಡುಗನಾಗಿದ್ದಾಗಿನಿಂದ ನೋಡಿದ್ದೀನಿ, ಆ ದಿನ ಅವರು ಬೆಲ್ಟ್ ಬಿಚ್ಚಿ, ಕಲ್ಲು ಎತ್ತಿ, ಮೋಟಾರಿನ ಮೈಯೆಲ್ಲ ಬ್ಲೋವರಿನಲ್ಲಿ ಊದಿ, ಗ್ರೀಸು ತುಂಬಿ, ಆಮೇಲೆ ಕಾಯಿ ಒಡೆಯುತ್ತಾರೆ. ಹೋಗಿ ಕೇಳಿದೆ. ಬ್ಲೋವರು ಕೊಟ್ಟು ಕಳಿಸಲಿಲ್ಲ, ತಾವೇ ಹೊತ್ತುಕೊಂಡು ಬಂದರು. ಒಳಗೆ ಬಗ್ಗಿ ನೋಡಿ, "ಇದಕ್ಕೂ ಮೋಟ್ರಿನಂಗೇ ಫ್ಯಾನ್ ಐತಲ್ಲಪ್ಪ. ನಮ್ದು ಹಿಂದ್ಗಡೆ ಇರ್ತೈತೆ, ಮೈಮೇಲೆ ಗೀರು ಗೀರು ಇರ್ತಾವಲ್ಲ, ಅದಕ್ಕೆ ಗಾಳಿ ಹೊಡೀತೈತೆ. ಹಿಟ್ಟು ಕಟ್ಟಿದ್ರೆ ಮೋಟ್ರು ಸುಟ್ಟೋಗ್ತೈತೆ. ನಿಮಗೆ ಇದನ್ನ ಹೇಳಿಕೊಟ್ಟಿರಲಿಲ್ವಾ?" ಅಂದರು.

ಕುಹಕ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ನಾಲ್ಕು ವರ್ಷ ಬಿ.ಇ. ಓದಿದವನು, ಬೆಂಗಳೂರಿನಲ್ಲಿ ಹತ್ತು ವರ್ಷ ಕಂಪ್ಯೂಟರ್ ಕೆಲಸ ಮಾಡಿದವನು ಉತ್ತರ ಕೊಡಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಏಳೂ ಡಬ್ಬ ಇಟ್ಟುಕೊಂಡು ಕೂತೆವು. ಊದುವಾಗ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು. ಬಿಟ್ಟರೆ ಫ್ಯಾನು ಹುಚ್ಚು ವೇಗದಲ್ಲಿ ಸುತ್ತಿ ಬೇರಿಂಗ್ ಕೆಡಿಸಿಕೊಳ್ಳುತ್ತೆ, ಡೈನಮೋ ಹಾಗೆ ಕರೆಂಟು ಹುಟ್ಟಿಸಿ ಬೋರ್ಡಿನ ಕಡೆ ನೂಕುತ್ತೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಹೊರಗಿನಿಂದ ಊದಬಹುದು, ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗೆ ಹೊಡೆಯುವಷ್ಟು ಕರೆಂಟು ಉಳಿದಿರುತ್ತೆ. ಎರಡು ಫ್ಯಾನು ಜಾಮ್ ಆಗಿದ್ದವು. ಅಗ್ಗದ ಫ್ಯಾನಿಗೆ ಬಾಲ್ ಬೇರಿಂಗ್ ಇರೋದಿಲ್ಲ, ಬುಶ್ ಇರುತ್ತೆ, ಅದರ ಎಣ್ಣೆ ಬಿಸಿಗೆ ಒಣಗಿ ಅಂಟಾಗುತ್ತೆ. ಬೆಳಗ್ಗೆ ಆನ್ ಮಾಡಿದಾಗ ಗರ್ರ್ ಅಂದು ಐದು ನಿಮಿಷಕ್ಕೆ ಸುಮ್ಮನಾಗುತ್ತಲ್ಲ ನಿಮ್ಮ ಹಳೇ ಮಿಷನ್ನು, ಅದು ಈ ಬುಶ್ಶಿನ ಕೂಗು. ಹಿಂದಿನ ಸ್ಟಿಕರ್ ಎಬ್ಬಿಸಿ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ತೊಟ್ಟು ಬಿಟ್ಟರೆ ಕೆಲವು ತಿಂಗಳು ತಳ್ಳುತ್ತೆ. ಪೂರ್ತಿ ಸವೆದಿದ್ದರೆ ಹೊಸದೇ ಹಾಕಬೇಕು. ಎಸ್.ಪಿ. ರೋಡಿನಲ್ಲಿ ಸಾಧಾರಣ 80 ಮಿಲಿಮೀಟರ್ ಫ್ಯಾನಿಗೆ ನಾನು ಕೊಟ್ಟಿರೋದು ನೂರು-ನೂರೈವತ್ತು ರೂಪಾಯಿ.

ಸಂಜೆ ಲೆಕ್ಕ ಹೀಗಿತ್ತು. ಏಳರಲ್ಲಿ ಮೂರು ಬರೀ ಧೂಳು ತೆಗೆದು ಹೊಸ ಪೇಸ್ಟು ಹಾಕಿದ್ದಕ್ಕೆ ಎದ್ದವು. ಎರಡರಲ್ಲಿ ಬೋರ್ಡಿನ ಕೆಪಾಸಿಟರುಗಳ ತಲೆ ಹಪ್ಪಳದ ಹಾಗೆ ಉಬ್ಬಿತ್ತು. ಅವು ನಿಜವಾಗಿಯೂ ಹೋಗಿದ್ದವು. ಅದಕ್ಕೂ ಬಿಸಿಯ ಪಾಲಿದೆ, ಹತ್ತು ಡಿಗ್ರಿ ಏರಿದರೆ ಆ ಕೆಪಾಸಿಟರಿನ ಆಯಸ್ಸು ಅರ್ಧವಾಗುತ್ತೆ ಅನ್ನೋದು ಎಲೆಕ್ಟ್ರಾನಿಕ್ಸಿನ ಹಳೇ ಲೆಕ್ಕ. ಆ ಎರಡರ ಫ್ಯಾನು ಚೆನ್ನಾಗಿದ್ದವು. ಕಿತ್ತು, ಫ್ಯಾನು ಜಾಮಾಗಿದ್ದ ಇನ್ನೆರಡಕ್ಕೆ ಹಾಕಿದೆವು, ಅವೂ ಎದ್ದವು. ಏಳರಲ್ಲಿ ಐದು. ಓಡುತ್ತಿದ್ದ ಮೂರನ್ನೂ ಬಿಚ್ಚಿ ಊದಿ, ಸ್ಟಿಕರ್ ಎಬ್ಬಿಸಿ ಎಣ್ಣೆ ಬಿಟ್ಟೆವು. ಚಿತ್ರದುರ್ಗದಿಂದ ತರಿಸಿದ ಪೇಸ್ಟಿಗೂ ಬ್ರಷ್ಷಿಗೂ ಸೇರಿ ಖರ್ಚು 180 ರೂಪಾಯಿ. ಎಣ್ಣೆ ಟೈಲರ್ ಅಂಗಡಿಯದು, ಬ್ಲೋವರು ಮಾವನದು. ಮದರ್‌ಬೋರ್ಡ್ ಹೋಗೈತೆ ಅಂದಿದ್ದ ಟೆಕ್ನಿಷಿಯನ್ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಇಷ್ಟು ಕಡೆ ಹೋಗಬೇಕು ಅಂತ ಓಡಿಸಿದರೆ ಯಾರು ತಾನೇ ಸ್ಕ್ರೂ ಬಿಚ್ಚುತ್ತಾರೆ?

ನನ್ನ ಸ್ನೇಹಿತರು ಇದಕ್ಕೆ ಎರಡು ಆಕ್ಷೇಪ ಎತ್ತಿದರು. ಎರಡರಲ್ಲೂ ಹುರುಳಿದೆ.

ಒಂದು: ಪೆಂಟಿಯಂ 4 ಕರೆಂಟು ತಿನ್ನೋ ರಾಕ್ಷಸ, ಅದನ್ನ ಉಳಿಸೋದೇ ತಪ್ಪು. ಒಪ್ಪಿದೆ. ಇವತ್ತಿನ ಸಣ್ಣ ಮಿಷನ್ನುಗಳು ಅದರ ಕಾಲು ಭಾಗ ಕರೆಂಟಿನಲ್ಲಿ ಹೆಚ್ಚು ಕೆಲಸ ಮಾಡುತ್ತವೆ. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟಿನವರು ಎಕ್ಸ್‌ಪಿಯ ಕೈಯನ್ನೂ ಬಿಟ್ಟರು, ನಿಮ್ಮ ಆಫೀಸಿನಲ್ಲಿ ಬದಲಾಯಿಸಿ, ಬೇಡ ಅನ್ನೋದಿಲ್ಲ. ಆದರೆ ನಮ್ಮೂರ ಶಾಲೆಯ ಮುಂದಿದ್ದ ಆಯ್ಕೆ ಹಳೇದೋ ಹೊಸದೋ ಅನ್ನೋದಾಗಿರಲಿಲ್ಲ. ಹಳೇದು, ಇಲ್ಲದಿದ್ದರೆ ಏನೂ ಇಲ್ಲ. ಮತ್ತೆ, ಹೊಸದಕ್ಕೂ ಅದೇ ರೂಮು, ಅದೇ ಧೂಳು, ಅದೇ ಜರಿ ಹೊದಿಕೆ. ಎರಡು ವರ್ಷಕ್ಕೆ ಅದೂ ಮೂಲೆ ಸೇರುತ್ತೆ.

ಎರಡು: ನಮ್ಮ ಒಂದು ಗಂಟೆಯ ಬೆಲೆ ಹತ್ತು ಫ್ಯಾನಿನ ಬೆಲೆಗಿಂತ ಜಾಸ್ತಿ, ನಾವ್ಯಾಕೆ ಸ್ಕ್ರೂ ಬಿಚ್ಚಬೇಕು? ಈ ಮಾತಿಗೆ ನನಗೆ ಸಿಟ್ಟು ಬರುತ್ತೆ, ಯಾಕಂದ್ರೆ ನಾನೂ ಇದನ್ನೇ ಆಡಿದ್ದೀನಿ. ಗಂಟೆಯ ಲೆಕ್ಕ ಹಾಕುವ ನಾವು ಫಾರ್ಮ್ಯಾಟ್ ಮಾಡೋಕೆ ಭಾನುವಾರ ಇಡೀ ಕೂರ್ತೀವಿ, ಹೊಸ ಲ್ಯಾಪ್‌ಟಾಪ್ ಹುಡುಕೋಕೆ ವಾರಗಟ್ಟಲೆ ರಿವ್ಯೂ ಓದ್ತೀವಿ. ಸ್ಕ್ರೂ ಡ್ರೈವರ್ ಹಿಡಿಯೋಕೆ ಮಾತ್ರ ಟೈಮಿಲ್ಲ. ನಿಜ ಹೇಳಬೇಕಂದ್ರೆ ಟೈಮಿನ ಪ್ರಶ್ನೆ ಅಲ್ಲ, ಅಂತಸ್ತಿನ ಪ್ರಶ್ನೆ. ಕೈ ಕೊಳೆ ಮಾಡಿಕೊಳ್ಳೋದು ಬೇರೆಯವರ ಕೆಲಸ ಅಂತ ನಮಗೆ ಯಾರೋ ಹೇಳಿಕೊಟ್ಟಿದ್ದಾರೆ. ಹಳ್ಳಿಯಿಂದ ಬಂದ ನನ್ನಂಥವನು ಆ ಪಾಠವನ್ನು ಎಲ್ಲರಿಗಿಂತ ಬೇಗ ಕಲಿತ. ಹಾಸಿಗೆ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅದರ ಹೊಟ್ಟೆಯಡಿಯ ಗಾಳಿಕಿಂಡಿ ಮುಚ್ಚಿ, ಛೇ ಬಿಸಿಯಾಗುತ್ತಪ್ಪ ಅಂತ ಬೈಯುವ ಪ್ರತಿಯೊಬ್ಬರೂ ನಮ್ಮ ಶಾಲೆಯ ಜರಿ ಹೊದಿಕೆಯ ಬಂಧುಗಳೇ.

ಹಾಗಾಗಿ ಹಳೇ ಕಂಪ್ಯೂಟರ್ ದಾನ ಮಾಡುವ ಕಂಪನಿಗಳಿಗೆ, ಅವುಗಳ ಫೋಟೋದಲ್ಲಿ ನಗುತ್ತಾ ನಿಲ್ಲುವ ನನ್ನಂಥವರಿಗೆ ಒಂದೇ ಮಾತು. ದಾನದ ಹೆಸರಲ್ಲಿ ನಿಮ್ಮ ಗೋಡೌನ್ ಖಾಲಿ ಮಾಡಿಕೊಳ್ಳಬೇಡಿ. 2012ರ ಮೇ ತಿಂಗಳಿಂದ ದೇಶದಲ್ಲಿ ಇ-ತ್ಯಾಜ್ಯದ ನಿಯಮ ಜಾರಿಯಲ್ಲಿದೆ. ಹಾಳಾದ ಮಿಷನ್ನುಗಳನ್ನು ಒಪ್ಪಿಸಬೇಕಾದ ಜಾಗ ಬೇರೆಯೇ ಇದೆ, ಹಳ್ಳಿ ಶಾಲೆಯ ಮೂಲೆ ಆ ಜಾಗ ಅಲ್ಲ. ಕೊಡುವುದಾದರೆ ಊದಿ, ಪೇಸ್ಟು ಬದಲಾಯಿಸಿ ಕೊಡಿ. ಹತ್ತು ಮಿಷನ್ನಿನ ಜೊತೆಗೆ ನಾಲ್ಕು ಫ್ಯಾನು, ಒಂದು ಟ್ಯೂಬ್ ಪೇಸ್ಟು, ಒಂದು ಬ್ರಷ್ಷು, ಒಂದು ಸ್ಕ್ರೂ ಡ್ರೈವರ್ ಇಡಿ. ನಿಮ್ಮ ಬ್ಯಾನರಿನ ಖರ್ಚಿಗಿಂತ ಕಡಿಮೆ ಆಗುತ್ತೆ. ಒಂದು ಮಧ್ಯಾಹ್ನ ಕೂತು ಮೇಷ್ಟ್ರಿಗೂ ಮಕ್ಕಳಿಗೂ ಬಿಚ್ಚಿ ತೋರಿಸಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಊದುವವರು ಶಾಲೆಯಲ್ಲಿ ಯಾರು ಅಂತ ಗೊತ್ತಾಗುವ ತನಕ ಫೋಟೋ ತೆಗೆಸಬೇಡಿ. ಮತ್ತೆ ಆ ಹೊದಿಕೆ: ಮಿಷನ್ ಆರಿಸಿ, ತಣ್ಣಗಾದ ಮೇಲೆ ಮಾತ್ರ ಹೊದಿಸಿ.

ಆಯುಧಪೂಜೆಯ ಅರ್ಥ ನಮ್ಮಪ್ಪನಿಗೆ ಗೊತ್ತಿತ್ತು. ಆ ದಿನ ಕುಡುಗೋಲು, ನೇಗಿಲು, ಪಂಪ್‌ಸೆಟ್ಟು ಎಲ್ಲ ತೊಳೆದು, ಹರಿತ ಮಾಡಿ, ಎಣ್ಣೆ ಬಿಟ್ಟು, ಆಮೇಲೆ ಕುಂಕುಮ ಹಚ್ಚುತ್ತಿದ್ದರು. ಕುಂಕುಮ ಕೊನೆಗೆ. ನಾವು ಆಫೀಸಿನಲ್ಲಿ ಕೊನೆಯದನ್ನು ಮಾತ್ರ ಉಳಿಸಿಕೊಂಡು ಮೊದಲಿನದ್ದೆಲ್ಲ ಬಿಟ್ಟಿದ್ದೇವೆ.

ಹಬ್ಬ ಮುಗಿಸಿ ಮಂಗಳವಾರ ಬಸ್ಸು ಹತ್ತುವ ಮುಂಚೆ ಮತ್ತೆ ಶಾಲೆಗೆ ಹೋದೆ. ಎಂಟು ಮಿಷನ್ ಓಡುತ್ತಿದ್ದವು. ಅದೇ ಹುಡುಗಿ ಏನೋ ಚಿತ್ರ ಬಿಡಿಸುತ್ತಿದ್ದಳು. ಗಡಿಯಾರ ನೋಡಿ, ಎದ್ದು ನಿಂತು, "ಹತ್ತು ನಿಮಿಷ ಆಯ್ತು ಸಾರ್, ಆಫ್ ಆಗಲಿಲ್ಲ. ಏನು ಮಾಡ್ಲಿ?" ಅಂದಳು.

"ಕೂತ್ಕೋ," ಅಂದೆ. "ಚಿತ್ರ ಮುಗಿಸು."